ಉಗ್ರಾಣದ ಬಾಕಿ

ಓಡಿಹೋದವರ ಹೆಸರು ಬರೆಯುವ ಪುಸ್ತಕ ಬೇರೆ,
ಕೆಂಪು ರಟ್ಟಿನದು, ಜೈಲರನ ಮೇಜಿನ ಮೇಲೆ.
ನನ್ನದು ಉಗ್ರಾಣದ್ದು: ಹಗ್ಗ, ಮೊಳೆ, ಗೋಣಿ, ಸೀಮೆಎಣ್ಣೆ.
ಹತ್ತೊಂಬತ್ತು ವರ್ಷ ಬರೆದೆ.
ಆಳು ಕಾಣೆಯಾಗುವ ಮೊದಲು
ಏನಾದರೊಂದು ಸಾಮಾನು ಕಾಣೆಯಾಗಿರುತ್ತಿತ್ತು.

ನಾನು ಬರುವ ಮೊದಲೇ ಹೋದವರು
ರಿಯಾಸ್ಕೋಸ್ ಅಣ್ಣತಮ್ಮಂದಿರು, ಬಾಲ್ಸಾ ಮರದ ತೆಪ್ಪದಲ್ಲಿ.
ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು:
ಬೊಗೊಟಾದಿಂದ ಆದೇಶ, ಬಾಲ್ಸಾ ಎಲ್ಲ ಕಡಿಯಿರಿ.
ಕಡಿದವರು ಕೈದಿಗಳೇ. ಹೊತ್ತರೆ ಭುಜಕ್ಕೆ ಗೊತ್ತೇ ಆಗದ ಕಟ್ಟಿಗೆ.
ಅದು ಉರಿದ ದಿನ ಅಂಗಳದಲ್ಲಿ ಯಾರೂ ಮಾತಾಡಲಿಲ್ಲವಂತೆ.
ನಾನು ದೋಣಿ ಇಳಿದಾಗ
ದ್ವೀಪದಲ್ಲಿ ನೆರಳಿರಲಿಲ್ಲ.

ಆಮೇಲೆ ಡಬ್ಬಗಳು. ಅಡುಗೆಮನೆಯ ಬಂಗೇರಾ
ಎಂಟು ಖಾಲಿ ಎಣ್ಣೆಡಬ್ಬ ಸೊಂಟಕ್ಕೆ ಕಟ್ಟಿಕೊಂಡು ಕಡಲಿಗಿಳಿದ.
ಮೂರನೇ ದಿನ ಡಬ್ಬಗಳು ದಡಕ್ಕೆ ಬಂದವು, ಗಂಟು ಬಿಚ್ಚಿತ್ತು.
ಬಿಚ್ಚಿದ್ದು ಅವನೋ, ನೀರೋ?
ಅಂದಿನಿಂದ ಬರಿದಾದ ಡಬ್ಬಕ್ಕೆ ತೂತು ಹೊಡೆಯುವುದು ನನ್ನ ಪಾಲಿನ ಕೆಲಸ,
ತಳಕ್ಕೊಂದು ಠಕ್, ಪಕ್ಕಕ್ಕೊಂದು ಠಕ್.
ಮಳೆನೀರು ಹಿಡಿಯಲು ಒಂದೂ ಉಳಿಯಲಿಲ್ಲ.

ಇನೆಸ್ತ್ರೋಸಾ ತೂಗುಹಾಸಿಗೆಯ ಎಳೆ ಬಿಚ್ಚಿ ಹೊಸೆದ;
ಮರುವಾರ ಮುನ್ನೂರು ಜನ ನೆಲದ ಮೇಲೆ, ಹಾವುಗಳ ಜೊತೆ.
ತೀರಕ್ಕೆ ಸಾಗಿಸುವ ಶವಪೆಟ್ಟಿಗೆಯಲ್ಲಿ ಒಬ್ಬ ಬದುಕಿದ್ದವನು ಮಲಗಿದ, ಸೀನಿದ.
ಆಮೇಲೆ ಸತ್ತವರಿಗೆ ಪೆಟ್ಟಿಗೆ ಇಲ್ಲ.
ಹಲಗೆ ಉಳಿಸಿದ್ದಕ್ಕೆ ನನಗೆ ಶಹಬ್ಬಾಸ್‌ಗಿರಿ.

ತಿಮಿಂಗಿಲಗಳು ಮರಿ ಹಾಕಲು ಬರುವ ಆಗಸ್ಟ್‌ನಲ್ಲಿ
ಕಾವಲಿನ ಹುಡುಗನೊಬ್ಬ ತಾಯಿಯನ್ನು ತೆಪ್ಪವೆಂದು ಬಗೆದ.
ಬರೆದೆ: ಗುಂಡು, ನಾಲ್ಕು.
ಕಾರಣದ ಕಾಲಂ ಖಾಲಿ ಬಿಟ್ಟೆ.

ಹನ್ನೊಂದು ಮಾರು ಹಗ್ಗ.
ಅದೊಂದನ್ನು ಹೇಳಬೇಕು, ಇಷ್ಟು ದಿನ ಹೇಳಿಲ್ಲ.
ಈಸ್ಟರ್ ವಾರ. ಸುರುಳಿ ಎತ್ತಿದೆ, ಹಗುರವೆನಿಸಿತು.
ಬಾಗಿಲು ಹಾಕಿ ತೋಳು ಚಾಚಿ ಅಳೆದೆ, ಮತ್ತೆ ಅಳೆದೆ.
ಕದ್ದವನು ಎಳೆದು ಹರಿದಿರಲಿಲ್ಲ. ನೇರ ಕೊಯ್ದು
ನನಗೆ ಬಿಟ್ಟ ತುದಿಗೆ, ಎಳೆ ಬಿಚ್ಚಿಕೊಳ್ಳದಂತೆ,
ಸಣ್ಣ ದಾರ ಸುತ್ತಿ ಬಿಗಿದಿದ್ದ.
ಉಳಿದ ಹಗ್ಗ ಹಾಳಾಗಬಾರದೆಂದು.
ಕತ್ತಲಲ್ಲಿ, ಉಸಿರು ಹಿಡಿದು, ಅಷ್ಟು ಹೊತ್ತು ಅಲ್ಲಿ ಕೂತು!
ನಾನು ಬರೆದೆ: ಇಲಿ ತಿಂದಿದೆ.
ಹನ್ನೊಂದು ಮಾರು. ಎಂಥ ಇಲಿ!
ಒಂಬತ್ತು ದಿನ ಅನ್ನ ಗಂಟಲಿಗಿಳಿಯಲಿಲ್ಲ.
ಹತ್ತನೆಯ ಬೆಳಿಗ್ಗೆ ಎಣಿಕೆಯಲ್ಲಿ ಒಂದು ತಲೆ ಕಡಿಮೆ.
ಹೆಸರು ಕೆಂಪು ಪುಸ್ತಕದಲ್ಲಿತ್ತು. ನಾನು ನೋಡಲು ಹೋಗಲಿಲ್ಲ.

ಕೊನೆಯವನು ಏನನ್ನೂ ಒಯ್ಯಲಿಲ್ಲ.
ಮುದುಕ ನಾಬೋರ್, ಅಂಗಿ ಮಡಿಸಿ ಕಲ್ಲಿನ ಮೇಲಿಟ್ಟು,
ಇಳಿತದ ಹೊತ್ತಿಗೆ, ಸಂತೆಗೆ ಹೊರಟವನಂತೆ ನೀರೊಳಕ್ಕೆ ನಡೆದ.
ನನ್ನ ಪಟ್ಟಿಯಲ್ಲಿ ಒಂದು ಮೊಳೆಯೂ ಕಡಿಮೆಯಿಲ್ಲ.
ಇನ್ನೇನು ಕಿತ್ತುಕೊಳ್ಳುವುದು?
ಜೈಲರ್ ಎರಡು ದಿನ ಯೋಚಿಸಿ
ತೀರದ ಕಡೆಯ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿಸಿದ, ಉಗ್ರಾಣದ್ದಕ್ಕೂ.
ಹಗಲೂ ದೀಪ ಹಚ್ಚಿ ಬರೆದೆ.
ಸೀಮೆಎಣ್ಣೆ ಯಾಕಿಷ್ಟು ಎಂದು ಮೆಮೊ ಬಂತು.

ಈಗ ಜೈಲಿನ ತುಂಬ ಜರೀಗಿಡ.
ನದಿ ಕಡಲು ಸೇರುವಲ್ಲಿ ನನ್ನದೊಂದು ಅಂಗಡಿ: ಗಾಳ, ಬಲೆ, ಹಗ್ಗ.
ಯಾರಾದರೂ ದಡ ಮುಟ್ಟಿದರಾ ತಾತ, ಎಂದು ಮೊಮ್ಮಗಳು ಯೆನ್ಸಿ ಕೇಳುತ್ತಾಳೆ.
ನನಗೇನು ಗೊತ್ತು? ಮಳೆ ಬಿಟ್ಟ ದಿನ
ಅಲ್ಲಿಂದ ಈ ದಡ ಒಂದು ಬೂದು ಗೆರೆ, ಅಷ್ಟೇ.

ಆದರೆ ನರೆತ ಗಂಡಸು ಯಾವನಾದರೂ ಹಗ್ಗ ಕೇಳಿದರೆ
ಮಾರು ಮಾರು ಅಳೆದು, ಕೊಯ್ಯುವ ಚೂರಿಯನ್ನು ಅವನ ಕೈಗೇ ಕೊಡುತ್ತೇನೆ,
ದಾರದ ಉಂಡೆಯನ್ನು ಪಕ್ಕದಲ್ಲೇ ಇಟ್ಟು.
ಕೊಯ್ಯುತ್ತಾರೆ. ಬೆಲೆ ಜಾಸ್ತಿಯೆಂದು ಗೊಣಗುತ್ತಾರೆ. ಹೋಗುತ್ತಾರೆ.
ಉಳಿದ ತುದಿಗೆ ದಾರ ಸುತ್ತುವವನು
ನಾನೇ.